ಕೋಚ್ ಗಲಾಟೆ ಮಾಡಿದರೆ ರೆಫರಿ ಏನು ಮಾಡಬೇಕು? ಮಕ್ಕಳ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಕಬಡ್ಡಿ: ನಿಯಮ ಹೇಳೋದೇನು – ಪೂರ್ತಿ ಮಾಹಿತಿ

ಅರಸೀಕೆರೆ/ಬೇಲೂರು/ಹಳೇಬೀಡು: ಹೋಬಳಿ ಮಟ್ಟದ ಕ್ರೀಡಾಕೂಟ ಶುರುವಾಯ್ತು ಅಂದ್ರೆ ಮೈದಾನದಲ್ಲಿ ಎರಡು ಆಟ ನಡೆಯುತ್ತೆ. ಒಂದು ಗೆರೆ ಒಳಗೆ, ಮಕ್ಕಳದ್ದು. ಇನ್ನೊಂದು ಗೆರೆ ಹೊರಗೆ, ದೊಡ್ಡವರದ್ದು. ಒಳಗಿನ ಆಟಕ್ಕೆ ನಿಯಮ ಇದೆ ಅಂತ ಎಲ್ಲರಿಗೂ ಗೊತ್ತು. ಹೊರಗೆ ನಿಂತು ಕೂಗಾಡುವ ಕೋಚ್‌ಗೂ ಅಷ್ಟೇ ಸ್ಪಷ್ಟವಾದ ನಿಯಮ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ವಿಶಲ್ ಹಿಡಿದವರಲ್ಲೂ ಕೆಲವರಿಗೆ ಗೊತ್ತಿಲ್ಲ, ಗೊತ್ತಿದ್ದವರಲ್ಲೂ ಕೆಲವರು ಬಳಸೋಕೆ ಹಿಂಜರೀತಾರೆ.

ಹೊಸದಾಗಿ ರೆಫರಿ ಆಗುವ ಹುಡುಗರು, ಪಿ.ಟಿ. ಮೇಷ್ಟ್ರುಗಳು, ಊರಿನ ಟೂರ್ನಮೆಂಟ್ ನಡೆಸುವ ಯುವಕ ಸಂಘದವರು, ಕಪ್ ಕೊಡಿಸುವ ಅಂಗಡಿ ಮಾಲೀಕರು, ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರು, ಎಲ್ಲರಿಗೂ ಉಪಯೋಗ ಆಗಲಿ ಅಂತ ಈ ಮಾಹಿತಿ.

ಮೊದಲು ತಿಳಿಯಬೇಕಾದ್ದು: ತೀರ್ಪು ಬೇರೆ, ನಡತೆ ಬೇರೆ

ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರನ್ನು ಲೋಕಕ್ಕೆಲ್ಲ ಗೊತ್ತು ಮಾಡಿದವರು ಜಾವಗಲ್ ಶ್ರೀನಾಥ್. ಹುಟ್ಟಿದ್ದು ಮೈಸೂರಿನಲ್ಲಿ, ಕುಟುಂಬದ ಮೂಲ ಜಾವಗಲ್. ಟೆಸ್ಟ್‌ನಲ್ಲಿ 236, ಏಕದಿನದಲ್ಲಿ 315 ವಿಕೆಟ್ ತೆಗೆದ ಅವರು 2006ರಿಂದ ಐಸಿಸಿ ಮ್ಯಾಚ್ ರೆಫರಿ. ಬೌಲರ್ ಶ್ರೀನಾಥ್ ಎಲ್ಲರಿಗೂ ನೆನಪಿದ್ದಾರೆ, ರೆಫರಿ ಶ್ರೀನಾಥ್ ಮಾಡೋ ಕೆಲಸ ಏನು ಅಂತ ಕೇಳಿದ್ರೆ ಅಷ್ಟು ಸುಲಭವಾಗಿ ಉತ್ತರ ಬರಲ್ಲ.

ಮ್ಯಾಚ್ ರೆಫರಿ ಔಟ್ ಅಥವಾ ನಾಟ್‌ಔಟ್ ಕೊಡಲ್ಲ. ಅದು ಅಂಪೈರ್ ಕೆಲಸ. ಆಟಗಾರರ ನಡತೆ ನೋಡೋದು, ನೀತಿ ಸಂಹಿತೆ ಮುರಿದರೆ ವಿಚಾರಣೆ ಮಾಡಿ ದಂಡ ಹಾಕೋದು ಮ್ಯಾಚ್ ರೆಫರಿ ಕೆಲಸ. ಆ ಸಂಹಿತೆ ಆಟಗಾರರಿಗೆ ಮಾತ್ರ ಅಲ್ಲ, ಕೋಚ್ ಸೇರಿ ತಂಡದ ಸಿಬ್ಬಂದಿಗೂ ಅನ್ವಯ ಆಗುತ್ತೆ. ತಪ್ಪಿನ ತೂಕ ನೋಡಿ ಒಂದರಿಂದ ನಾಲ್ಕರವರೆಗೆ ಹಂತ ಮಾಡಿದ್ದಾರೆ.

ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಈ ಎರಡು ಕೆಲಸಕ್ಕೆ ಬೇರೆ ಬೇರೆ ಜನ ಇದ್ದಾರೆ. ನಮ್ಮ ಹೋಬಳಿ ಕ್ರೀಡಾಕೂಟದಲ್ಲಿ ಎರಡೂ ಒಬ್ಬರ ತಲೆ ಮೇಲೆ. ಫೌಲ್ ಕೊಡೋದೂ ಅವರೇ, ಫೌಲ್ ಯಾಕೆ ಕೊಟ್ಟೆ ಅಂತ ಬೈಯೋ ಕೋಚ್‌ನ ಸುಮ್ಮನಾಗಿಸೋದೂ ಅವರೇ. ಹಾಗಾಗಿ ತಲೆಯೊಳಗಾದರೂ ಎರಡನ್ನೂ ಬೇರೆ ಮಾಡಿಕೊಳ್ಳಬೇಕು. ಕೋಚ್‌ಗೆ ತೀರ್ಪು ಒಪ್ಪಿಗೆ ಆಗಲಿಲ್ಲ ಅಂದ್ರೆ ಅದು ತಪ್ಪಲ್ಲ. ಒಪ್ಪಿಗೆ ಇಲ್ಲ ಅಂತ ಹೇಗೆ ತೋರಿಸಿದ ಅನ್ನೋದಷ್ಟೇ ರೆಫರಿ ನೋಡಬೇಕಾದ್ದು.

ನಮ್ಮ ಕಡೆ ಸಮಸ್ಯೆ ಯಾಕೆ ಜಾಸ್ತಿ?

ಶಾಲಾ ಕ್ರೀಡಾಕೂಟದ ದಾರಿ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಸಾಗುತ್ತೆ. ಕಣಕಟ್ಟೆಯಲ್ಲೋ ಬಾಣಾವರದಲ್ಲೋ ಗೆದ್ದ ತಂಡ ಅರಸೀಕೆರೆಗೆ ಬರಬೇಕು. ಹಳೇಬೀಡು, ಮಾದಿಹಳ್ಳಿ, ಅರೇಹಳ್ಳಿ, ಬಿಕ್ಕೋಡು ಕಡೆಯವರು ಬೇಲೂರಿಗೆ. ಅಲ್ಲಿಂದ ಹಾಸನ, ಆಮೇಲೆ ಮೈಸೂರು ವಿಭಾಗ. ಮಧ್ಯದಲ್ಲಿ ಒಂದು ಆಟ ಸೋತರೆ ಆ ವರ್ಷದ ಕಥೆ ಮುಗೀತು. ಮೇಲಿನ ಹಂತದ ಸರ್ಟಿಫಿಕೇಟ್ ಮುಂದೆ ಕ್ರೀಡಾ ಕೋಟಾದ ಸೀಟಿಗೆ ಬೇಕಾಗುತ್ತೆ. ಹಾಗಾಗಿ ಒಂದೇ ಒಂದು ಪಾಯಿಂಟ್‌ಗೂ ಬೆಲೆ ಇದೆ. ಕೋಚ್‌ಗೆ ಬಿಸಿ ಏರೋದು ಸುಮ್ಮನೆ ಅಲ್ಲ.

ಎರಡನೇ ಕಾರಣ, ರೆಫರಿ ಹೊರಗಿನವರಲ್ಲ. ಕೆಳ ಹಂತದಲ್ಲಿ ಬಹುತೇಕ ಪಿ.ಟಿ. ಮೇಷ್ಟ್ರುಗಳೇ ಒಬ್ಬರ ಪಂದ್ಯಕ್ಕೆ ಇನ್ನೊಬ್ಬರು ರೆಫರಿ. ಬೆಳಿಗ್ಗೆ ಕೋಚ್ ಆಗಿದ್ದವರು ಮಧ್ಯಾಹ್ನ ವಿಶಲ್ ಹಿಡೀತಾರೆ. "ನಿನ್ನೆ ನಮ್ ಹುಡುಗ್ರಿಗೆ ಹಂಗ್ ಮಾಡಿದ್ರಲ್ಲ, ಇವತ್ತು ನೋಡ್ಕೋತೀನಿ" ಅನ್ನೋ ಅನುಮಾನ ತೀರ್ಪಿಗೆ ಮುಂಚೆನೇ ಹುಟ್ಟಿರುತ್ತೆ.

ಮೂರನೇದು, ವಯಸ್ಸು. ವಿಶಲ್ ಹಿಡಿದವನಿಗೆ 22 ವರ್ಷ, ಎದುರಿಗಿರೋ ಕೋಚ್‌ಗೆ 50. ಕೆಲವು ಸಲ ಅವನಿಗೇ ಆಟ ಕಲಿಸಿದ ಮೇಷ್ಟ್ರು. ಗುರುಗಳಿಗೆ ಎದುರು ಮಾತಾಡಬಾರದು ಅಂತ ಬೆಳೆದವರು ನಾವು. ಟೆಕ್ನಿಕಲ್ ಫೌಲ್ ಕೊಡೋಕೆ ಕೈ ಏಳಲ್ಲ.

ನಾಲ್ಕನೇದು, ಮೈದಾನ. ಒಳಾಂಗಣ ಕ್ರೀಡಾಂಗಣದಲ್ಲಿ ಜನಕ್ಕೂ ಕೋರ್ಟ್‌ಗೂ ಅಂತರ ಇರುತ್ತೆ. ನಮ್ಮಲ್ಲಿ ಸುಣ್ಣದ ಗೆರೆ ಮೇಲೇ ಜನ. ಕೋಚ್ ಯಾರು, ಕೋಚ್ ಸ್ನೇಹಿತ ಯಾರು, ಹುಡುಗನ ಚಿಕ್ಕಪ್ಪ ಯಾರು ಗೊತ್ತಾಗಲ್ಲ.

ಕೋಚ್‌ಗಳು ನಾಲ್ಕು ಬಗೆ

ಎಲ್ಲರನ್ನೂ ಒಂದೇ ಥರ ನೋಡಿದ್ರೆ ರೆಫರಿ ಎಡವುತ್ತಾರೆ.

1. ಕೇಳುವವರು: "ಸಾರ್, ಅದ್ಯಾಕೆ ಫೌಲ್?" ಅಂತ ಕೇಳ್ತಾರೆ. ಇವರು ತೊಂದರೆ ಕೊಡೋರಲ್ಲ. ಒಂದು ಮಾತಲ್ಲಿ ಉತ್ತರ ಕೊಟ್ಟರೆ ಸಾಕು.

2. ಗೊಣಗುವವರು: ಪ್ರತಿ ವಿಶಲ್‌ಗೂ ಕೈ ಎತ್ತೋದು, ತಲೆ ಆಡಿಸೋದು, ಜನರ ಕಡೆ ತಿರುಗಿ ನಗೋದು. ಒಂದೊಂದೂ ಸಣ್ಣದು. ಬಿಟ್ಟರೆ ಬೆಂಚಿನಲ್ಲಿರೋ ಹುಡುಗರೂ ಶುರು ಮಾಡ್ತಾರೆ.

3. ಲೆಕ್ಕ ಹಾಕಿ ಕೂಗುವವರು: ಕೋಪ ಇರಲ್ಲ, ಉದ್ದೇಶ ಇರುತ್ತೆ. ಮೊದಲ ಐದು ನಿಮಿಷ ಒತ್ತಡ ಹಾಕಿದ್ರೆ ಮುಂದಿನ ಎರಡು ತೀರ್ಪು ನಮ್ಮ ಕಡೆ ಬರುತ್ತೆ ಅನ್ನೋ ಲೆಕ್ಕ. ಅನುಭವ ಇಲ್ಲದ ರೆಫರಿ ಸಿಕ್ಕಿಬೀಳೋದು ಇವರ ಕೈಗೆ.

4. ನಿಜವಾಗ್ಲೂ ಕೆರಳುವವರು: ಬೈಗುಳ, ಅಂಗಳಕ್ಕೆ ನುಗ್ಗೋದು, ಬಾಟ್ಲಿ ಎಸೆಯೋದು, ತಂಡ ಕರ್ಕೊಂಡು ಹೊರಟುಹೋಗೋದು. ಇಲ್ಲಿ ಮಾತಿಗೆ ಜಾಗ ಇಲ್ಲ, ನಿಯಮಕ್ಕೆ ಮಾತ್ರ.

ಪಂದ್ಯಕ್ಕೆ ಮುಂಚಿನ ಐದು ನಿಮಿಷ

ಗಲಾಟೆ ಆದಮೇಲೆ ಸರಿ ಮಾಡೋದಕ್ಕಿಂತ ಮುಂಚೆ ತಡೆಯೋದು ಸುಲಭ. ಪಂದ್ಯ ಶುರುವಾಗೋ ಮುಂಚೆ ಇಬ್ಬರು ಕೋಚ್, ಇಬ್ಬರು ನಾಯಕರನ್ನು ಕರೆದು ಈ ವಿಷಯ ಹೇಳಿಬಿಡಿ:

• ಯಾವ ನಿಯಮದ ಪ್ರಕಾರ ಆಟ. ಕಬಡ್ಡಿಯಲ್ಲಂತೂ ಇದು ಕಡ್ಡಾಯ. ಹುಡುಗರು ಟೀವೀಲಿ ಪ್ರೊ ಕಬಡ್ಡಿ ನೋಡಿರ್ತಾರೆ. ಸೂಪರ್ ಟ್ಯಾಕಲ್, ಡು-ಆರ್-ಡೈ ರೇಡ್ ಇದೆಯಾ ಇಲ್ವಾ, ಲಾಬಿ ನಿಯಮ ಹೇಗೆ, ಮೊದಲೇ ಹೇಳಬೇಕು.
• ಆಟ ಎಷ್ಟು ನಿಮಿಷ, ಟೈಮ್‌ಔಟ್ ಎಷ್ಟು, ಟೈ ಆದರೆ ಏನು.
• ರೆಫರಿ ಜೊತೆ ಮಾತಾಡೋ ಹಕ್ಕು ನಾಯಕನಿಗೆ. ಕೋಚ್‌ಗೆ ಏನಾದ್ರೂ ಕೇಳಬೇಕಿದ್ರೆ ಆಟ ನಿಂತಾಗ.
• ಪ್ರತಿ ತಂಡದಿಂದ ಗೆರೆ ಪಕ್ಕ ಇರೋರು ಯಾರು ಯಾರು. ಹೆಸರು ಸ್ಕೋರ್ ಶೀಟಲ್ಲಿ ಬರೀಬೇಕು. ಹೆಸರಿಲ್ಲದವರು ಜನರ ಜೊತೆ ಕೂರಬೇಕು.

ಇನ್ನೊಂದು ಸಣ್ಣ ಕೆಲಸ. ಕೋರ್ಟ್‌ಗೆ ಸುಣ್ಣ ಹಾಕುವಾಗ ಕೋಚ್‌ಗೂ ಒಂದು ಗೆರೆ ಎಳೆಯಿರಿ. ಇದು ಯಾರೋ ತೋಚಿದ್ದು ಹೇಳಿದ್ದಲ್ಲ. ವಾಲಿಬಾಲ್ ನಿಯಮದಲ್ಲಿ ಪಕ್ಕದ ಗೆರೆಯಿಂದ 1.75 ಮೀಟರ್ ದೂರದಲ್ಲಿ ಕೋಚ್‌ಗೆ ಅಂತಾನೇ ತುಂಡು ಗೆರೆ ಇದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡದ ಬೆಂಚಿನ ಜಾಗಕ್ಕೆ ಗುರುತು ಇದೆ, ಅದರೊಳಗೂ ಆಟದ ವೇಳೆ ಮುಖ್ಯ ಕೋಚ್ ಅಥವಾ ಸಹಾಯಕ ಕೋಚ್, ಇಬ್ಬರಲ್ಲಿ ಒಬ್ಬರು ಮಾತ್ರ ನಿಂತಿರಬಹುದು. ಗೆರೆ ಇದ್ದರೆ "ಹಿಂದೆ ಹೋಗಿ ಸಾರ್" ಅಂತ ವಾದ ಮಾಡಬೇಕಾಗಿಲ್ಲ, ಗೆರೆ ತೋರಿಸಿದ್ರೆ ಸಾಕು.

ಪಂದ್ಯ ನಡೆಯುವಾಗ: ಐದು ಮೆಟ್ಟಿಲು

ಒಮ್ಮೆಲೇ ಹೊರಗೆ ಹಾಕೋದೂ ತಪ್ಪು, ಕೊನೆವರೆಗೂ ಸಹಿಸಿಕೊಂಡು ಕೂರೋದೂ ತಪ್ಪು. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಒಂದು – ಕಿವಿಗೆ ಹಾಕ್ಕೋಬೇಡಿ. ಒಂದು ಸಲ "ಅಯ್ಯೋ!" ಅಂದ್ರೆ, ಕೈ ಎತ್ತಿದ್ರೆ ಬಿಟ್ಟುಬಿಡಿ. ಅದು ಆಟದ ಬಿಸಿ.

ಎರಡು – ಕೇಳಿಸ್ಕೊಂಡೆ ಅಂತ ತೋರಿಸಿ. ಎರಡನೇ ಸಲ ಅದೇ ವಿಷಯ ಬಂದ್ರೆ ಒಂದು ಮಾತು ಸಾಕು: "ಕೇಳಿಸ್ತು ಸಾರ್." ಅರ್ಧ ಜಗಳ ಇಲ್ಲೇ ಮುಗಿಯುತ್ತೆ. ತನ್ನ ಮಾತು ಯಾರೂ ಕೇಳ್ತಿಲ್ಲ ಅನ್ನಿಸಿದಾಗಲೇ ದನಿ ಏರೋದು.

ಮೂರು – ಎಚ್ಚರಿಕೆ. ಆಟ ನಿಂತಾಗ ಹತ್ತಿರ ಹೋಗಿ ನೇರವಾಗಿ ಹೇಳಿ. ಇದು ಎಚ್ಚರಿಕೆ ಅಂತ ಅವರಿಗೂ, ಸ್ಕೋರ್ ಟೇಬಲ್‌ನವರಿಗೂ ಗೊತ್ತಾಗಬೇಕು. ಜೊತೆ ರೆಫರಿಗೂ ಹೇಳಿಡಿ.

ನಾಲ್ಕು – ದಂಡ. ಎಚ್ಚರಿಕೆ ಮೇಲೂ ಮುಂದುವರಿಸಿದ್ರೆ ಟೆಕ್ನಿಕಲ್ ಅಥವಾ ಕಾರ್ಡ್. ಕೊಟ್ಟಮೇಲೆ ಅಲ್ಲಿ ನಿಲ್ಲಬೇಡಿ. ದೂರ ಹೋಗಿ, ಆಟ ಶುರು ಮಾಡಿ.

ಐದು – ಹೊರಗೆ. ಇಲ್ಲಿಗೆ ಬಂದಮೇಲೆ ಚರ್ಚೆ ಇಲ್ಲ.

ಬೈಗುಳ, ಬೆದರಿಕೆ, ಮೈ ಮುಟ್ಟೋದು, ಜಾತಿ ಹಿಡಿದು ಆಡೋ ಮಾತು, ಇವಕ್ಕೆ ಮೆಟ್ಟಿಲು ಲೆಕ್ಕ ಇಲ್ಲ. ನೇರವಾಗಿ ಐದನೇದು.

ಇಬ್ಬರು ರೆಫರಿ ಇದ್ದಾಗ ಇನ್ನೊಂದು ಪದ್ಧತಿ ಒಳ್ಳೇದು. ಯಾರ ತೀರ್ಪಿಗೆ ಕೋಚ್ ಕೂಗ್ತಿದ್ದಾರೋ ಆ ರೆಫರಿ ದೂರ ಹೋಗಲಿ, ಇನ್ನೊಬ್ಬರು ಹತ್ತಿರ ಬಂದು ಮಾತಾಡಲಿ. ಸಿಟ್ಟು ಇರೋದು ಒಬ್ಬರ ಮೇಲೆ, ಅವರೇ ಎದುರಿಗಿದ್ದರೆ ಬೆಂಕಿ ಆರಲ್ಲ.

ಬಾಯಲ್ಲಿ ಬರಬೇಕಾದ ಮಾತು, ಬರಬಾರದ ಮಾತು

ನಮ್ಮ ಕಡೆ ಮಾತಿನ ಧಾಟಿ ಮುಖ್ಯ. ಅದೇ ವಿಷಯ "ಸಾರ್" ಹಾಕಿ ಹೇಳಿದ್ರೆ ಕೇಳ್ತಾರೆ, "ರೀ" ಅಂತ ಶುರು ಮಾಡಿದ್ರೆ ಜಗಳ ಆಗುತ್ತೆ. ಗದರಿಸದೆ ಗಟ್ಟಿಯಾಗಿ ಹೇಳೋಕೆ ಬರುತ್ತೆ. ಉದಾಹರಣೆಗೆ:

• "ಸಾರ್, ಡಿಫೆಂಡರ್ ಕೈ ಮೇಲೆ ಹೊಡೆದಿದ್ದಾನೆ. ಅದಕ್ಕೆ ಫೌಲ್." (ಕಾರಣ ಒಂದೇ ವಾಕ್ಯ, ಭಾಷಣ ಬೇಡ.)
• "ಆ ತೀರ್ಪು ಆಗೋಯ್ತು ಸಾರ್. ಮುಂದಿನದು ನೋಡ್ತೀನಿ."
• "ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಇದು ಎಚ್ಚರಿಕೆ. ಇನ್ನೊಂದ್ ಸಲ ಆದ್ರೆ ಟೆಕ್ನಿಕಲ್ ಕೊಡ್ಲೇಬೇಕಾಗುತ್ತೆ."
• ಊರಿನ ಟೂರ್ನಮೆಂಟ್‌ನಲ್ಲಿ: "ಅಣ್ಣ, ನಾಯಕನ್ನ ಕಳ್ಸಿ, ಅವನ ಹತ್ರ ಹೇಳ್ತೀನಿ."

ಇವು ಬೇಡ: "ನಂಗೆ ರೂಲ್ಸ್ ಹೇಳ್ಕೊಡ್ಬೇಡಿ", "ಬೇಕಾದ್ರೆ ಆಡಿ, ಇಲ್ಲಾಂದ್ರೆ ಹೋಗಿ", "ಕೂತ್ಕೊಳ್ರೀ ಸುಮ್ನೆ". ಬೆರಳು ತೋರಿಸೋದು ಬೇಡ. ನಗೋದು ಬೇಡ. ಮೈಕ್‌ನಲ್ಲಿ ಕೋಚ್ ಹೆಸರು ಹಿಡಿದು ಹೇಳೋದಂತೂ ಬೇಡವೇ ಬೇಡ. ನಾಲ್ಕು ಜನರ ಮುಂದೆ ಮರ್ಯಾದೆ ಹೋಯ್ತು ಅಂದಮೇಲೆ ಯಾರೂ ಹಿಂದೆ ಸರಿಯಲ್ಲ.

ಒಂದು ಮಾತು ಮರೀಬೇಡಿ. ಒಬ್ಬ ಕೋಚ್ ಕೂಗಿದ್ದಕ್ಕೆ ಮುಂದಿನ ತೀರ್ಪನ್ನು ಅವರ ಕಡೆ ಕೊಟ್ಟು ಸರಿದೂಗಿಸೋದು ರೆಫರಿ ಮಾಡಬಹುದಾದ ದೊಡ್ಡ ತಪ್ಪು. ಕೂಗಿದ ಕೋಚ್‌ಗೆ ಕೂಗಿದ್ರೆ ಸಿಗುತ್ತೆ ಅಂತ ಗೊತ್ತಾಗುತ್ತೆ, ಸುಮ್ಮನಿದ್ದ ಕೋಚ್‌ಗೆ ಸುಮ್ಮನಿದ್ದದ್ದೇ ತಪ್ಪು ಅಂತ ಗೊತ್ತಾಗುತ್ತೆ. ಆಮೇಲೆ ಇಬ್ಬರೂ ಕೂಗ್ತಾರೆ.

ನಿಯಮ ಏನು ಹೇಳುತ್ತೆ?

ಬ್ಯಾಸ್ಕೆಟ್‌ಬಾಲ್

ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಶುರು ಮಾಡಿದಾಗ ಬರೆದದ್ದು 13 ನಿಯಮ. ಅಂಪೈರ್ ಆಟಗಾರರನ್ನು ನೋಡಬೇಕು, ರೆಫರಿ ಚೆಂಡನ್ನು ನೋಡಬೇಕು ಅಂತ ಅದರಲ್ಲಿದೆ. ಕೋಚ್ ಅನ್ನೋ ಮಾತೇ ಇಲ್ಲ. ಈಗಿನ ಫಿಬಾ ನಿಯಮದಲ್ಲಿ ಕೋಚ್‌ಗೆ ಜಾಗ ಇದೆ, ಅದಕ್ಕೆ ಮಿತಿಯೂ ಇದೆ.

• ರೆಫರಿ ಹತ್ತಿರ ಮರ್ಯಾದೆಯಿಂದ ವಿಷಯ ಕೇಳೋ ಹಕ್ಕು ನಾಯಕನದ್ದು, ಅದೂ ಚೆಂಡು ಸತ್ತು ಗಡಿಯಾರ ನಿಂತಾಗ.
• ಎಚ್ಚರಿಕೆ ಕೇಳದಿದ್ರೆ, ರೆಫರಿ ಅಥವಾ ಸ್ಕೋರ್ ಟೇಬಲ್‌ನವರ ಜೊತೆ ಅಗೌರವವಾಗಿ ನಡೆದುಕೊಂಡ್ರೆ ಟೆಕ್ನಿಕಲ್ ಫೌಲ್. ಎರಡೂ ಕೈಯಲ್ಲಿ ಇಂಗ್ಲಿಷಿನ 'ಟಿ' ಆಕಾರ ತೋರಿಸೋದು ಇದಕ್ಕೇ.
• ಕೋಚ್ ತಾನೇ ಮಾಡಿದ ತಪ್ಪಿಗೆ ಸ್ಕೋರ್ ಶೀಟಲ್ಲಿ 'ಸಿ', ಬೆಂಚಿನಲ್ಲಿರೋ ಬೇರೆಯವರು ಮಾಡಿದ್ದಕ್ಕೆ 'ಬಿ'. 'ಬಿ' ಕೂಡ ಬರೆಯೋದು ಕೋಚ್ ಹೆಸರಿನ ಮುಂದೆಯೇ. ಅಂದ್ರೆ ಬೆಂಚಿಗೆ ಕೋಚ್ ಜವಾಬ್ದಾರ.
• ದಂಡ: ಎದುರಾಳಿಗೆ 1 ಫ್ರೀ ಥ್ರೋ. ಆಮೇಲೆ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದ.
• ಎರಡು 'ಸಿ' ಆದ್ರೆ ಕೋಚ್ ಹೊರಗೆ. ಮೂರು 'ಬಿ' ಆದ್ರೂ ಹೊರಗೆ, ಮೂರರಲ್ಲಿ ಒಂದು 'ಸಿ' ಇದ್ದರೂ ಹೊರಗೆ. ತಪ್ಪು ತೀರಾ ದೊಡ್ಡದಾದ್ರೆ ಒಂದೇ ಸಲಕ್ಕೆ ಹೊರಗೆ ಹಾಕಬಹುದು, ಆಗ ದಂಡವೂ ಹೆಚ್ಚು.
• ಹೊರಗೆ ಹೋದ ಕೋಚ್ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು ಅಥವಾ ಕ್ರೀಡಾಂಗಣ ಬಿಡಬೇಕು. ಜನರ ಮಧ್ಯೆ ನಿಂತು ಕೂಗೋ ಹಾಗಿಲ್ಲ. ಸಹಾಯಕ ಕೋಚ್ ಇಲ್ಲದಿದ್ರೆ ನಾಯಕನೇ ಕೋಚ್ ಕೆಲಸ ನೋಡ್ಕೋತಾನೆ. ಕೋಚ್ ಹೋದ್ರೆ ಪಂದ್ಯ ನಿಲ್ಲುತ್ತೆ ಅನ್ನೋದು ತಪ್ಪು ತಿಳುವಳಿಕೆ.
• ರೆಫರಿ ಹೇಳಿದ ಮೇಲೂ ಆಡಲ್ಲ ಅಂತ ತಂಡ ಹಟ ಹಿಡಿದ್ರೆ ಎದುರಾಳಿಗೆ 20–0 ಗೆಲುವು.

ಎಷ್ಟೇ ದೊಡ್ಡ ಕೋಚ್ ಆದ್ರೂ ಇದು ತಪ್ಪಿದ್ದಲ್ಲ. 1985ರ ಫೆಬ್ರವರಿ 23ರಂದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಬಾಬ್ ನೈಟ್ ತೀರ್ಪಿನ ಸಿಟ್ಟಿಗೆ ಪ್ಲಾಸ್ಟಿಕ್ ಕುರ್ಚಿಯನ್ನು ಕೋರ್ಟ್‌ಗೆ ಎಸೆದರು. ಅಷ್ಟರಲ್ಲಾಗಲೇ ತಂಡಕ್ಕೆ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದ ಮನುಷ್ಯ. ರೆಫರಿಗಳು ಟೆಕ್ನಿಕಲ್ ಕೊಟ್ಟು ಹೊರಗೆ ಕಳಿಸಿದರು. ಆಮೇಲೆ ಒಂದು ಪಂದ್ಯದ ನಿಷೇಧವೂ ಬಿತ್ತು. ಅವರು ಗೆದ್ದ ಪಂದ್ಯಗಳಷ್ಟೇ ಆ ಕುರ್ಚಿಯೂ ಜನಕ್ಕೆ ಇವತ್ತಿಗೂ ನೆನಪಿದೆ.

ವಾಲಿಬಾಲ್

ಬೇಲೂರಿನ ಮಲೆನಾಡು ಕಡೆ ವಾಲಿಬಾಲ್ ಹುಚ್ಚು ಗೊತ್ತಿರೋದೇ. ಇಲ್ಲಿ ಕಾರ್ಡ್ ಲೆಕ್ಕ ಹೀಗಿದೆ:

• ಸಣ್ಣ ತಪ್ಪಿಗೆ ಮೊದಲು ನಾಯಕನ ಮೂಲಕ ಬಾಯಿಮಾತಿನ ಎಚ್ಚರಿಕೆ, ಆಮೇಲೆ ಹಳದಿ ಕಾರ್ಡ್. ಎರಡಕ್ಕೂ ಪಾಯಿಂಟ್ ಹೋಗಲ್ಲ.
• ಕೆಂಪು ಕಾರ್ಡ್: ಎದುರಾಳಿಗೆ 1 ಪಾಯಿಂಟ್, ಸರ್ವಿಸ್ ಕೂಡ.
• ಹಳದಿ, ಕೆಂಪು ಎರಡೂ ಒಂದೇ ಕೈಯಲ್ಲಿ: ಆ ಸೆಟ್ ಮುಗಿಯೋವರೆಗೆ ಹೊರಗೆ.
• ಹಳದಿ ಒಂದು ಕೈ, ಕೆಂಪು ಇನ್ನೊಂದು ಕೈ: ಪೂರ್ತಿ ಪಂದ್ಯದಿಂದ ಹೊರಗೆ.

ಇದು ಆಟಗಾರರಿಗೂ ಕೋಚ್‌ಗೂ ಒಂದೇ. ಬಹಳ ಜನ ರೆಫರಿಗಳು ಜೇಬಲ್ಲಿ ಕಾರ್ಡ್ ಇಟ್ಕೊಂಡೇ ಬರಲ್ಲ. ಇಟ್ಕೊಳ್ಳಿ. ಕಾರ್ಡ್ ಜೇಬಿನಿಂದ ಇಣುಕಿದರೂ ಎಷ್ಟೋ ದನಿ ಕಮ್ಮಿ ಆಗುತ್ತೆ.

ಕಬಡ್ಡಿ

ಹಸಿರು ಕಾರ್ಡ್ ಅಂದ್ರೆ ಎಚ್ಚರಿಕೆ. ಹಳದಿ ಅಂದ್ರೆ 2 ನಿಮಿಷ ಹೊರಗೆ. ಕೆಂಪು ಅಂದ್ರೆ ಪಂದ್ಯದಿಂದಲೇ ಹೊರಗೆ. ತೀರ್ಪಿನ ಬಗ್ಗೆ ಪದೇ ಪದೇ ರೆಫರಿ ಬೆನ್ನು ಹತ್ತೋದು, ಅವಹೇಳನ ಮಾಡೋದು, ಟೈಮ್‌ಔಟ್ ಇಲ್ಲದೆ ಹೊರಗಿನಿಂದ ಕೋಚಿಂಗ್ ಕೊಡೋದು, ಇವೆಲ್ಲ ತಪ್ಪಿನ ಪಟ್ಟಿಯಲ್ಲೇ ಇವೆ. ಎದುರಾಳಿಗೆ ಪಾಯಿಂಟ್ ಕೊಡೋ ಅಧಿಕಾರವೂ ರೆಫರಿಗೆ ಇದೆ.

ಒಂದು ಗಂಟೆ ನಿಂತುಹೋದ ಫೈನಲ್

ಮಕ್ಕಳ ಆಟ ಬಿಡಿ, ಏಷ್ಯನ್ ಗೇಮ್ಸ್ ಫೈನಲ್ಲೇ ನಿಂತುಹೋದ ಉದಾಹರಣೆ ಇದೆ. 2023ರ ಅಕ್ಟೋಬರ್ 7, ಚೀನಾದ ಹ್ಯಾಂಗ್‌ಝೌ. ಪುರುಷರ ಕಬಡ್ಡಿ ಫೈನಲ್, ಭಾರತ–ಇರಾನ್. ಸ್ಕೋರ್ 28–28, ಉಳಿದಿರೋದು ಒಂದೆರಡು ನಿಮಿಷ. ಪವನ್ ಸೆಹ್ರಾವತ್ ರೇಡ್‌ಗೆ ಹೋಗಿ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಇರಾನ್ ಡಿಫೆಂಡರ್‌ಗಳೂ ಹಿಂದೆಯೇ ಲಾಬಿಗೆ ಬಂದರು. ಪಾಯಿಂಟ್ ಯಾರಿಗೆ? ಹಳೇ ನಿಯಮದ ಪ್ರಕಾರ ಒಂದು ಉತ್ತರ, ಹೊಸ ನಿಯಮದ ಪ್ರಕಾರ ಇನ್ನೊಂದು. ತೀರ್ಪು ಒಮ್ಮೆ ಇತ್ತ, ಒಮ್ಮೆ ಅತ್ತ ಹೋಯ್ತು. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆಯವರ ಪ್ರತಿಭಟನೆ. ಸುಮಾರು ಒಂದು ಗಂಟೆ ಪಂದ್ಯ ನಿಂತಿತು. ಕೊನೆಗೆ ಭಾರತ 33–29ರಿಂದ ಚಿನ್ನ ಗೆದ್ದಿತು.

ಇದರಿಂದ ನಮ್ಮ ಜಾತ್ರೆ ಟೂರ್ನಮೆಂಟ್‌ಗೆ ಕಲಿಯೋದು ಎರಡು. ಮೊದಲನೇದು, ಯಾವ ನಿಯಮ ಅಂತ ಎಲ್ಲರಿಗೂ ಒಂದೇ ಥರ ಗೊತ್ತಿರಬೇಕು. ಎರಡನೇದು, ತೀರ್ಪು ಬದಲಿಸೋದಿದ್ರೆ ರೆಫರಿ, ಅಂಪೈರ್, ಲೈನ್‌ಮನ್, ಸ್ಕೋರರ್ ಸೇರಿ ಮಾತಾಡಿ ಒಂದೇ ಸಲ ಬದಲಿಸಬೇಕು. ಕೋಚ್ ಸುತ್ತುವರಿದು ನಿಂತಿರುವಾಗ ಬದಲಿಸಬಾರದು. ಮೊದಲು ಅವರನ್ನು ಅವರ ಜಾಗಕ್ಕೆ ಕಳಿಸಿ, ಆಮೇಲೆ ಮಾತಾಡಿ, ಆಮೇಲೆ ಇಬ್ಬರು ನಾಯಕರನ್ನೂ ಕರೆದು ಹೇಳಿ.

ಕೋಚ್ ಕಡೆ ನ್ಯಾಯ ಇದ್ದರೆ?

ಇರುತ್ತೆ. ರೆಫರಿಯೂ ಮನುಷ್ಯ. ಸ್ಕೋರ್ ತಪ್ಪು ಬರೆದಿರಬಹುದು, ಟೈಮ್ ತಪ್ಪಿರಬಹುದು. ಅದಕ್ಕೂ ದಾರಿ ಇದೆ, ಕೂಗಾಟ ಬೇಕಿಲ್ಲ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಪಂದ್ಯ ಮುಗಿದ 15 ನಿಮಿಷದೊಳಗೆ ನಾಯಕ ಮುಖ್ಯ ರೆಫರಿಗೆ ತಿಳಿಸಿ ಸ್ಕೋರ್ ಶೀಟಲ್ಲಿ ಪ್ರತಿಭಟನೆಯ ಜಾಗದಲ್ಲಿ ಸಹಿ ಹಾಕಬೇಕು. ವಾಲಿಬಾಲ್‌ನಲ್ಲಿ ನಿಯಮದ ವಿವರಣೆ ಒಪ್ಪಿಗೆ ಆಗದಿದ್ರೆ ನಾಯಕ ಆಗಲೇ ಮೊದಲ ರೆಫರಿಗೆ ಹೇಳಿ, ಪಂದ್ಯ ಮುಗಿದ ಮೇಲೆ ಸ್ಕೋರ್ ಶೀಟಲ್ಲಿ ಬರೆಸಬಹುದು. ಸ್ಕೋರ್, ಸಮಯ, ನಿಯಮ ತಪ್ಪಾಗಿ ಅನ್ವಯಿಸಿದ್ದು, ಇವನ್ನು ಪ್ರಶ್ನೆ ಮಾಡಬಹುದು. "ಅದು ಫೌಲ್ ಅಲ್ಲ, ತಾಗಲೇ ಇಲ್ಲ" ಅನ್ನೋದು ಕಣ್ಣಳತೆ ತೀರ್ಪು. ಅದಕ್ಕೆ ಅಪೀಲ್ ಇಲ್ಲ.

ವಯಸ್ಸಿನ ತಕರಾರಿನಿಂದ ಎಷ್ಟೋ ಜಗಳ ಆಗುತ್ತೆ. 14, 17, 19 ವರ್ಷದೊಳಗಿನವರು ಅಂತ ವಿಭಾಗ ಇರುತ್ತೆ. "ಆ ಹುಡುಗನಿಗೆ ಮೀಸೆ ಬಂದಿದೆ" ಅಂತ ಪಂದ್ಯದ ಮಧ್ಯೆ ರೆಫರಿ ಮೇಲೆ ಬೀಳ್ತಾರೆ. ಇದು ರೆಫರಿ ಕೆಲಸ ಅಲ್ಲ. ದಾಖಲೆ ನೋಡೋದು ಸಂಘಟಕರ ಸಮಿತಿ. "ಲಿಖಿತ ದೂರು ಅಲ್ಲಿ ಕೊಡಿ ಸಾರ್" ಅಂತ ಹೇಳಿ ಆಟ ಮುಂದುವರಿಸಿ.

ಕೋಚ್ ಮಕ್ಕಳ ಮೇಲೆ ಕೈ ಮಾಡಿದರೆ

ಇದನ್ನು ಬೇರೆಯಾಗಿಯೇ ಹೇಳಬೇಕು. ರೆಫರಿಗೆ ಬೈಯೋ ಕೋಚ್ ಎಲ್ಲರಿಗೂ ಕಾಣ್ತಾರೆ. ಟೈಮ್‌ಔಟ್‌ನಲ್ಲಿ ಹುಡುಗನ ಕಪಾಳಕ್ಕೆ ಹೊಡೆಯೋ ಕೋಚ್‌ನ ನೋಡಿ "ಮೇಷ್ಟ್ರು ತಾನೆ, ಬಿಡಿ" ಅಂತಾರೆ. ಬಿಡೋ ಹಾಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ದೈಹಿಕ ಶಿಕ್ಷೆಯೂ ಮಾನಸಿಕ ಕಿರುಕುಳವೂ ನಿಷಿದ್ಧ. ಮೈದಾನದಲ್ಲಿ ಹೊಡೆದರೂ ಅದು ಹೊಡೆತವೇ. ಮಗುವಿನ ಜವಾಬ್ದಾರಿ ಹೊತ್ತವರು ಕ್ರೂರವಾಗಿ ನಡೆದುಕೊಂಡರೆ ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ ಇದೆ. ರೆಫರಿ ಕಣ್ಣೆದುರು ಆದರೆ ಆಟ ನಿಲ್ಲಿಸಬೇಕು, ಕೋಚ್‌ನ ಹೊರಗೆ ಕಳಿಸಬೇಕು, ಬರೆದಿಡಬೇಕು. ಯಾರು ಬೇಕಾದ್ರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.

ರೆಫರಿ ಮೇಲೆ ಕೈ ಮಾಡಿದರೆ

ಇಲಾಖೆ ಆದೇಶದ ಮೇಲೆ ಕರ್ತವ್ಯಕ್ಕೆ ಬಂದ ಸರ್ಕಾರಿ ಶಾಲೆ ಮೇಷ್ಟ್ರು ಅಲ್ಲಿ ಬರೀ ರೆಫರಿ ಅಲ್ಲ, ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ. ಅವರ ಕೆಲಸಕ್ಕೆ ಅಡ್ಡಿ ಮಾಡಲು ಹಲ್ಲೆ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. 2024ರ ಜುಲೈ 1ಕ್ಕೆ ಮುಂಚೆ ಇದು ಐಪಿಸಿ 353 ಆಗಿತ್ತು. ಖಾಸಗಿಯಾಗಿ ರೆಫರಿ ಆದ ಹುಡುಗನಿಗೂ ಹಲ್ಲೆ, ಬೆದರಿಕೆಯ ಸಾಮಾನ್ಯ ಸೆಕ್ಷನ್‌ಗಳ ರಕ್ಷಣೆ ಇದ್ದೇ ಇದೆ.

ಹೆಣ್ಣುಮಕ್ಕಳ ಪಂದ್ಯಕ್ಕೆ ಮೇಡಂಗಳು ರೆಫರಿ ಆಗ್ತಾರೆ. ಅವರ ಮೇಲೆ ಅಶ್ಲೀಲ ಮಾತು, ಸನ್ನೆ ಮಾಡಿದ್ರೆ ಅದು ಆಟದ ಜಗಳ ಅಲ್ಲ, ಅದೇ ಸಂಹಿತೆಯ 79ನೇ ಸೆಕ್ಷನ್ ಅಪರಾಧ. ತುರ್ತು ಇದ್ದರೆ 112.

ಪಂದ್ಯ ಮುಗಿದ ಮೇಲೆ: ವರದಿ

ಗಲಾಟೆ ಆದ ದಿನವೇ ಬರೀಬೇಕು. ನಾಳೆ ಅಂದ್ರೆ ಅರ್ಧ ಮರೆತುಹೋಗುತ್ತೆ, ಉಳಿದರ್ಧ ರಾಜಿ ಆಗುತ್ತೆ. ವರದಿಯಲ್ಲಿ ಇರಬೇಕಾದ್ದು:

• ಪಂದ್ಯ, ದಿನಾಂಕ, ಸಮಯ, ಆಗಿನ ಸ್ಕೋರ್
• ಕೋಚ್ ಏನು ಮಾಡಿದರು, ಯಾವ ಮಾತು ಆಡಿದರು (ಬೈಗುಳ ಇದ್ದರೆ ಇದ್ದ ಹಾಗೇ, "ಅವಾಚ್ಯ ಶಬ್ದ" ಅಂತ ಬರೆದರೆ ಏನೂ ಗೊತ್ತಾಗಲ್ಲ)
• ಎಚ್ಚರಿಕೆ ಕೊಟ್ಟದ್ದು ಯಾವಾಗ, ಕೊಟ್ಟ ದಂಡ ಏನು
• ನೋಡಿದವರು: ಜೊತೆ ರೆಫರಿ, ಸ್ಕೋರರ್

"ಕೆಟ್ಟ ಮನುಷ್ಯ", "ಯಾವಾಗಲೂ ಹೀಗೇ" ಅನ್ನೋ ಅಭಿಪ್ರಾಯ ಬೇಡ. ಶಾಲಾ ಕ್ರೀಡಾಕೂಟ ಆದ್ರೆ ಸಂಘಟಕರ ಮೂಲಕ ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರಿಗೆ, ಅಗತ್ಯ ಬಿದ್ದರೆ ಬಿಇಒ ಕಚೇರಿಗೆ. ಒಂದು ನಕಲು ನಿಮ್ಮ ಹತ್ತಿರ ಇರಲಿ. ಮೊಬೈಲ್ ವಿಡಿಯೊ ಇದ್ದರೆ ಸಮಿತಿಗೆ ಕೊಡಿ, ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಅದರಲ್ಲಿ ಮಕ್ಕಳ ಮುಖ ಇರುತ್ತೆ.

ಕಪ್ ಕೊಡಿಸುವ ಅಂಗಡಿಯವರಿಗೆ ಒಂದು ಮಾತು

ಊರಿನ ಟೂರ್ನಮೆಂಟ್ ನಡೆಯೋದು ನಿಮ್ಮಿಂದ. ಕಪ್, ಜರ್ಸಿ, ಶಾಮಿಯಾನ, ಮೈಕ್, ಊಟ, ಎಲ್ಲದಕ್ಕೂ ರಸೀದಿ ಪುಸ್ತಕ ಹಿಡಿದು ಹುಡುಗರು ಬರೋದು ನಿಮ್ಮ ಅಂಗಡಿಗೇ. ದುಡ್ಡು ಕೊಡುವಾಗ ಮೂರು ವಿಷಯ ಕೇಳಿ. ರೆಫರಿಗಳು ಆಡುವ ತಂಡಗಳಿಗೆ ಸೇರದವರಾ? ಅವರ ಗೌರವಧನ ಪಂದ್ಯಕ್ಕೆ ಮುಂಚೆ ಕೊಡ್ತೀರಾ? ಕೋಚ್ ಹೊರಗೆ ಹಾಕಿಸ್ಕೊಂಡ್ರೆ ಮುಂದಿನ ಪಂದ್ಯಕ್ಕೂ ಬಿಡಲ್ಲ ಅಂತ ಕರಪತ್ರದಲ್ಲಿ ಹಾಕಿದ್ದೀರಾ?

ಮೂರೂ ಖರ್ಚಿಲ್ಲದ ಕೆಲಸ. ಗೌರವಧನ ಪಂದ್ಯ ಆದಮೇಲೆ ಅಂದ್ರೆ ರೆಫರಿಗೆ ಯಾರ ಮುಖ ನೋಡಬೇಕು ಅನ್ನೋ ಚಿಂತೆ ಇರುತ್ತೆ. ಫ್ಲೆಕ್ಸ್‌ನಲ್ಲಿ ನಿಮ್ಮ ಅಂಗಡಿ ಹೆಸರಿನ ಕೆಳಗೆ ಹೊಡೆದಾಟ ಆದರೆ ಆ ವಿಡಿಯೊದಲ್ಲಿ ಫ್ಲೆಕ್ಸ್ ಕೂಡ ಓಡಾಡುತ್ತೆ.

ಸಾಮಾನ್ಯ ಪ್ರಶ್ನೆಗಳು

ಕೋಚ್‌ಗೆ ಟೆಕ್ನಿಕಲ್ ಕೊಟ್ಟರೆ ಮಕ್ಕಳಿಗೆ ಅನ್ಯಾಯ ಅಲ್ವಾ?
ಒಂದು ಪಾಯಿಂಟ್ ಹೋಗಬಹುದು, ನಿಜ. ಆದರೆ ಎದುರು ತಂಡದಲ್ಲಿರೋರೂ ಮಕ್ಕಳೇ. ಕೂಗಾಟಕ್ಕೆ ಹೆದರಿ ತೀರ್ಪು ವಾಲಿದರೆ ಅನ್ಯಾಯ ಆಗೋದು ಅವರಿಗೆ.

ಅಪ್ಪ-ಅಮ್ಮ, ಊರವರು ಕೂಗಿದರೆ?
ಅವರಿಗೆ ಟೆಕ್ನಿಕಲ್ ಕೊಡೋಕೆ ಬರಲ್ಲ. ಆಟ ನಿಲ್ಲಿಸಿ ಸಂಘಟಕರಿಗೆ ಹೇಳಿ, ಅವರು ಸರಿ ಮಾಡೋವರೆಗೆ ಶುರು ಮಾಡಬೇಡಿ. ಜನರ ಜೊತೆ ರೆಫರಿ ನೇರ ಮಾತಿಗೆ ಇಳಿಯಬಾರದು.

ಕೋಚ್ ನನ್ನ ಹಳೇ ಮೇಷ್ಟ್ರು. ಏನು ಮಾಡ್ಲಿ?
ಮೊದಲೇ ಸಂಘಟಕರಿಗೆ ಹೇಳಿ, ಬೇರೆ ಪಂದ್ಯ ಕೇಳಿ. ಬೇರೆ ರೆಫರಿ ಇಲ್ಲ ಅಂದ್ರೆ ಪಂದ್ಯಕ್ಕೆ ಮುಂಚೆ ನಮಸ್ಕಾರ ಮಾಡಿ, ಪಂದ್ಯ ಆದಮೇಲೂ ಮಾಡಿ. ಮಧ್ಯದಲ್ಲಿ ನೀವು ರೆಫರಿ, ಅವರು ಕೋಚ್. ನಿಮಗೆ ನಿಯಮ ಕಲಿಸಿದವರೇ ಅವರಲ್ವಾ, ಅರ್ಥ ಆಗುತ್ತೆ.

ರೆಫರಿ ಆಗೋಕೆ ಆಸಕ್ತಿ ಇದೆ, ಎಲ್ಲಿಂದ ಶುರು?
ನಿಮ್ಮ ಶಾಲೆ, ಕಾಲೇಜಿನ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ. ಮೊದಲು ಸ್ಕೋರರ್ ಆಗಿ, ಆಮೇಲೆ ಲೈನ್‌ಮನ್ ಆಗಿ ಕೂತು ನೋಡಿ. ಆಯಾ ಆಟದ ರಾಜ್ಯ ಸಂಸ್ಥೆಗಳು ರೆಫರಿ ಪರೀಕ್ಷೆ ನಡೆಸ್ತವೆ, ಅದರ ವಿಚಾರ ಅವರಿಗೆ ಗೊತ್ತಿರುತ್ತೆ.

ಒಂದು ಕೆಟ್ಟ ಪಂದ್ಯ ಆದಮೇಲೆ "ಇನ್ಮೇಲೆ ನನ್ನ ಕರೀಬೇಡಿ" ಅಂತ ವಿಶಲ್ ಎತ್ತಿಟ್ಟವರು ಪ್ರತಿ ಹೋಬಳಿಯಲ್ಲೂ ಸಿಗ್ತಾರೆ. ಹಾಗೆ ಒಬ್ಬೊಬ್ಬರೇ ಹಿಂದೆ ಸರಿದರೆ ಮುಂದಿನ ಕ್ರೀಡಾಕೂಟಕ್ಕೆ ರೆಫರಿ ಸಿಗಲ್ಲ. ರೆಫರಿ ಇಲ್ಲ ಅಂದ್ರೆ ಪಂದ್ಯ ಇಲ್ಲ, ಪಂದ್ಯ ಇಲ್ಲ ಅಂದ್ರೆ ಬಾಣಾವರದ ಹುಡುಗಿ ಹಾಸನದವರೆಗೂ ಹೋಗೋ ದಾರಿಯೂ ಇಲ್ಲ. ಈ ಸಲ ನಿಮ್ಮೂರಲ್ಲಿ ಕ್ರೀಡಾಕೂಟ ಇದ್ದರೆ ಈ ಪುಟವನ್ನು ಸಂಘಟಕರಿಗೆ, ಎರಡೂ ತಂಡದ ಕೋಚ್‌ಗಳಿಗೆ ಮುಂಚೆನೇ ಕಳಿಸಿ.